ಹೃದಯ ಬರೆಯುವ ಗೆರೆ

ಅಕ್ಕಂದಿರೇ, ಕಾಫಿ ಕುಯ್ದು ಲೈನ್ ಮನೆಗೆ ಬಂದಾಗ ಸುಸ್ತಾಗುವುದು ಸಹಜ. ಆದರೆ ಎಲ್ಲ ಸುಸ್ತೂ ಕೆಲಸದ್ದಲ್ಲ.

ಹೃದಯಾಘಾತವಾದಾಗ ಗಂಡಸರಿಗೂ ಹೆಂಗಸರಿಗೂ ಎದೆ ನೋಯುತ್ತದೆ. ಆದರೆ ಕೆಲವು ಹೆಂಗಸರಿಗೆ ಎದೆನೋವೇ ಇರುವುದಿಲ್ಲ. ಉಸಿರು ಕಟ್ಟುತ್ತದೆ. ಬೆನ್ನು, ದವಡೆ ನೋಯುತ್ತದೆ. ವಾಂತಿ ಬರುತ್ತದೆ. ವಿಪರೀತ ಸುಸ್ತಾಗುತ್ತದೆ. ‘ಗ್ಯಾಸ್ಟ್ರಿಕ್ ಇರಬೇಕು’ ಅಂತ ಸುಮ್ಮನಾಗಬಾರದು. ಬೇಗ ಹೋಗಿ ಇಸಿಜಿ ಮಾಡಿಸಬೇಕು.

ಇಸಿಜಿ ಅಂದರೇನು? ಹೃದಯ ಬಡಿಯುವಾಗ ಅದರಲ್ಲಿ ಸಣ್ಣ ಕರೆಂಟು ಹರಿಯುತ್ತದೆ. ಯಂತ್ರ ಅದನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುತ್ತದೆ. ಕೈಕಾಲಿಗೆ 4, ಎದೆಗೆ 6 ತಂತಿ ಹಾಕುತ್ತಾರೆ. ಸೂಜಿ ಇಲ್ಲ, ನೋವಿಲ್ಲ. ಹತ್ತು ನಿಮಿಷದ ಕೆಲಸ. ನಾಚಿಕೆಯಾದರೆ ‘ನರ್ಸಮ್ಮ ಮಾಡಲಿ’ ಅಂತ ಕೇಳಿ.

ಬಿಪಿಯಿಂದ ಹೃದಯದ ಗೋಡೆ ದಪ್ಪವಾಗಿದ್ದರೆ, ಬಡಿತ ತಪ್ಪುತ್ತಿದ್ದರೆ, ಹಿಂದೆ ಹೃದಯಾಘಾತವಾಗಿದ್ದರೆ ಗೆರೆ ಸುಳಿವು ಕೊಡಬಹುದು. ಅದು ಮುಂದಿನ ಅಪಾಯದ ಎಚ್ಚರಿಕೆ. ಹೆಂಗಸರ ಗೆರೆಯ ಅಳತೆ ಗಂಡಸರದ್ದಕ್ಕಿಂತ ಸ್ವಲ್ಪ ಬೇರೆ. ಡಾಕ್ಟರು ಅದನ್ನು ಗಮನದಲ್ಲಿಟ್ಟು ಓದಬೇಕು.

ಕಳಸ, ಮೂಡಿಗೆರೆಯ ತೋಟಗಳಿಂದ ದೊಡ್ಡಾಸ್ಪತ್ರೆ ದೂರ. ಮಂಗಳೂರಿನ ಹೃದಯ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಒಂದು ಕೆಲಸ ಶುರುಮಾಡಿದರು. ಚಿಕ್ಕಮಗಳೂರು ಸೇರಿ ಹಲವು ಜಿಲ್ಲೆಗಳ ಹಳ್ಳಿ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿದರು. ಅಲ್ಲಿನ ಡಾಕ್ಟರು ಗೆರೆಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ದೂರದ ತಜ್ಞರು ನೋಡಿ ಸಲಹೆ ಕೊಡುತ್ತಾರೆ.

ಒಂದು ಸಲ ಗೆರೆ ಸರಿ ಬಂತೆಂದು ಮೈಮರೆಯಬೇಡಿ. ಕಷ್ಟ ನಿಲ್ಲದಿದ್ದರೆ ಮತ್ತೆ ಮಾಡಿಸಿ. ಉಸಿರು ಕಟ್ಟಿದರೆ, ಎದೆ ಹಿಂಡಿದರೆ, ಬೆಳಗಾಗಲಿ ಅಂತ ಕಾಯಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ.