ಪಿಇಪಿ 3131
ಪಿಇಪಿ 3131 ಎಂಬುದು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ವಾಕ್ಯರಚನಾ ನಿಯಮದ ಒಂದು ಸಣ್ಣ ವಿಸ್ತರಣೆಗಾಗಿ ಸಲ್ಲಿಸಲಾದ ಪ್ರಸ್ತಾವನೆ. ಇದನ್ನು ಮಾರ್ಟಿನ್ ಫಾನ್ ಲೋವಿಸ್ ಅವರು 2007ರ ಮೇ ತಿಂಗಳಲ್ಲಿ ಮಂಡಿಸಿದರು. ಅಂಗೀಕೃತವಾದ ಈ ನಿಯಮವು 2008ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಪೈಥಾನ್ 3.0 ಆವೃತ್ತಿಯಲ್ಲಿ ಜಾರಿಗೆ ಬಂದಿತು.

ಹಿನ್ನೆಲೆ
ಅದಕ್ಕೂ ಮೊದಲು ವೇರಿಯಬಲ್, ಫಂಕ್ಷನ್ ಮುಂತಾದವುಗಳ ಹೆಸರುಗಳಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಹಾಗೂ ಅಡಿಗೆರೆಗಳಿಗೆ ಮಾತ್ರ ಅವಕಾಶವಿತ್ತು. ಹೊಸ ನಿಯಮದಿಂದ ಯೂನಿಕೋಡ್‌ನ ಇತರ ಲಿಪಿಗಳಿಗೂ ಅವಕಾಶ ದೊರೆಯಿತು. ಹೀಗಾಗಿ 'ಮೊತ್ತ = ಬೆಲೆ * ತೂಕ' ಎಂಬ ಸಾಲನ್ನು ಕನ್ನಡದಲ್ಲಿಯೇ ಬರೆಯಬಹುದು. ಆದರೆ ಭಾಷೆಯ ಮೀಸಲು ಪದಗಳಾದ ಇಫ್, ವೈಲ್ ಮೊದಲಾದವು ಇಂಗ್ಲಿಷಿನಲ್ಲಿಯೇ ಉಳಿದಿವೆ.

ಆಕ್ಷೇಪಗಳು
ಆ ಲಿಪಿಯನ್ನು ಅರಿಯದವರು ಪ್ರೋಗ್ರಾಮನ್ನು ಓದಲಾರರು, ನೋಡಲು ಒಂದೇ ಬಗೆಯ ಅಕ್ಷರಗಳು ಗೊಂದಲ ಉಂಟುಮಾಡುತ್ತವೆ ಎಂಬವು ಮುಖ್ಯ ಆಕ್ಷೇಪಗಳು. ಪೈಥಾನ್‌ನ ಮೂಲ ಗ್ರಂಥಾಲಯದಲ್ಲಿ ಇಂದಿಗೂ ಇಂಗ್ಲಿಷ್ ಅಕ್ಷರಗಳ ಹೆಸರುಗಳನ್ನೇ ಬಳಸುವ ನಿಯಮವಿದೆ.

ಕನ್ನಡದಲ್ಲಿ ಬಳಕೆ
ಎರಡನೆಯ ಆಕ್ಷೇಪ ಕನ್ನಡಕ್ಕೂ ಅನ್ವಯಿಸುತ್ತದೆ. ಅನುಸ್ವಾರ (ಂ) ಮತ್ತು ಕನ್ನಡ ಅಂಕಿ ಸೊನ್ನೆ (೦) ಕಣ್ಣಿಗೆ ಒಂದೇ ಆದರೂ ಯೂನಿಕೋಡ್‌ನಲ್ಲಿ ಬೇರೆ ಬೇರೆ. 'ಅಂಕ' ಎಂದು ಒಮ್ಮೆ ಅನುಸ್ವಾರದಿಂದಲೂ ಇನ್ನೊಮ್ಮೆ ಸೊನ್ನೆಯಿಂದಲೂ ಬರೆದರೆ, ಪೈಥಾನ್ ಅವನ್ನು ಎರಡು ಹೆಸರುಗಳೆಂದು ಪರಿಗಣಿಸುತ್ತದೆ. ಅಲ್ಲದೆ, 'ರಾಜ್‌ಕುಮಾರ್' ಎಂಬಲ್ಲಿ ಒತ್ತಕ್ಷರವಾಗದಂತೆ ತಡೆಯುವ ಅಗೋಚರ ಚಿಹ್ನೆಗೆ ಪೈಥಾನ್ ಹೆಸರುಗಳಲ್ಲಿ ಅವಕಾಶವಿಲ್ಲ, ಜಾವಾಸ್ಕ್ರಿಪ್ಟ್‌ನಲ್ಲಿ ಇದೆ. ಪೈಥಾನ್‌ನಲ್ಲಿ 'ರಾಜ್_ಕುಮಾರ್' ಎಂದು ಅಡಿಗೆರೆ ಹಾಕಿ ಬರೆಯಬಹುದು.