ಮೂರು ಸೆಂಟಿಮೀಟರ್‌ನಲ್ಲಿ ಮುಗಿದ ಮಳೆ

"ಅಮ್ಮಾ, ಆಗುಂಬೆಯಿಂದ ತಾತನ ಊರಿಗೆ ಎಷ್ಟು ದೂರ?" ಆರನೇ ಕ್ಲಾಸಿನ ಮಗಳು ಅಟ್ಲಾಸ್ ಮೇಲೆ ಸ್ಕೇಲ್ ಇಟ್ಟುಕೊಂಡು ಕೇಳಿದಳು. ಅಪ್ಪನ ಊರು ಚಿತ್ರದುರ್ಗದ ಪಕ್ಕ. ಗೂಗಲ್ ಮ್ಯಾಪ್ ತೆಗೆಯೋಕೆ ಹೋದೆ, ಅವಳು ಬಿಡಲಿಲ್ಲ. ಅಳೆದರೆ ಮೂರು ಸೆಂ.ಮೀ. ಚಿಲ್ಲರೆ. ಒಂದು ಸೆಂ.ಮೀ.ಗೆ 50 ಕಿ.ಮೀ., ಅಂದರೆ ನೇರ ಗೆರೆಯಲ್ಲಿ ಸುಮಾರು 160 ಕಿ.ಮೀ.

ಅಷ್ಟರಲ್ಲೇ ನಾಡು ಬದಲಾಗಿಬಿಡುತ್ತೆ ನೋಡಿ. ಅರಬ್ಬೀ ಸಮುದ್ರದ ಮೋಡ ಘಟ್ಟ ಹತ್ತುವಾಗ ತಣ್ಣಗಾಗಿ ಅಲ್ಲೇ ಸುರಿದುಬಿಡುತ್ತದೆ. ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ, ನಿತ್ಯಹರಿದ್ವರ್ಣದ ಕಾಡು. ಘಟ್ಟ ಇಳಿದ ಗಾಳಿ ಒಣಗಾಳಿ. ದುರ್ಗದ ಕಡೆ 600 ಮಿ.ಮೀ. ಆಸುಪಾಸು, ಕುರುಚಲು ಕಾಡು. ಪುಸ್ತಕದಲ್ಲಿ ಇದು 'ಮಳೆ ನೆರಳಿನ ಪ್ರದೇಶ'. ಹೆಸರಷ್ಟೇ ತಂಪು.

ನನಗೆ ಎದೆ ಧಸಕ್ಕೆಂದದ್ದು ಆಮೇಲೆ. ಅಪ್ಪ ರಾಗಿ ಹೊಲದಲ್ಲಿ ಬೋರ್ ಕೊರೆಸಿ ಅಡಿಕೆ ಹಾಕ್ತೀನಿ ಅಂತಿದ್ದಾರೆ, ಸಾಲಕ್ಕೆ ನನ್ನ ಸಹಿ ಬೇಕಂತೆ. ಅಡಿಕೆಯಲ್ಲಿ ದುಡ್ಡಿದೆ, ಸುಳ್ಳಲ್ಲ. ಆದರೆ ಅದಕ್ಕೆ ಬೇಸಿಗೆಯಲ್ಲೂ ನೀರು ಕೊಡಬೇಕು. ರಾಗಿ ಕಡಿಮೆ ಮಳೆಯಲ್ಲೂ ಕೈಗೆ ಬರುತ್ತದೆ, ಚೆನ್ನಾಗಿ ಒಣಗಿಸಿಟ್ಟರೆ ವರ್ಷಗಟ್ಟಲೆ ಕೆಡಲ್ಲ. ಅಜ್ಜಿ ಬರಗಾಲ ದಾಟಿದ್ದು ಹಗೇವಿನ ರಾಗಿಯಲ್ಲೇ. ಮಗಳ ಪುಸ್ತಕದ 'ಆಹಾರ ಭದ್ರತೆ' ನಮ್ಮನೇಲಿ ನೆಲದಡಿ ಇತ್ತು.

ಭಾನುವಾರ ಅಟ್ಲಾಸ್ ಸಮೇತ ಊರಿಗೆ ಹೋದ್ವಿ. ಮಗಳು ತಾತನಿಗೆ ಆ ಮೂರು ಸೆಂಟಿಮೀಟರ್ ತೋರಿಸಿದಳು. ಅಪ್ಪ ಕನ್ನಡಕ ಏರಿಸಿ ನೋಡಿ, "ಎಲ್ಲಾ ಸರಿ ಪುಟ್ಟಿ, ರಾಗಿಗೆ ಒಳ್ಳೆ ರೇಟ್ ಎಲ್ಲಿದೆ ಅಂತ ಇದರಲ್ಲಿ ತೋರಿಸು" ಅಂದರು.

ಸಹಿ ನಾನಿನ್ನೂ ಹಾಕಿಲ್ಲ.