ಪಂಜೆಯವರ ಪದ್ಯ ನಾಡಿನದು, ಕಡೆಂಗೋಡ್ಲು ಕವಿತೆಗೆ ಅನುಮತಿ ಬೇಕು

ಕರಾವಳಿಯ ಶಾಲೆಗಳಿಗೆಂದು ಪೂರಕ ಓದಿನ ಪುಸ್ತಕ ಮಾಡಹೊರಟ ಮೇಷ್ಟರು ಮೊದಲು ನೆನೆಯುವುದು ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರನ್ನು. ಅವರ ಪದ್ಯ ಬಳಸಲು ಯಾರ ಅಪ್ಪಣೆಯೂ ಬೇಡ. ಪಂಜೆಯವರು ತೀರಿಕೊಂಡದ್ದು 1937ರಲ್ಲಿ. ಲೇಖಕ ಸತ್ತು 50 ವರ್ಷಕ್ಕೆ ಹಕ್ಕುಸ್ವಾಮ್ಯ ಮುಗಿಯುತ್ತಿದ್ದ ಕಾಲ ಅದು; ಬದುಕಿದ್ದಾಗ ಅವರು ಪ್ರಕಟಿಸಿದ್ದೆಲ್ಲ 1988ರ ಜನವರಿಯಿಂದ ಎಲ್ಲರ ಸೊತ್ತಾಯಿತು. ಟಾಗೋರರ ಕೃತಿಗಳ ಅವಧಿ ಮುಗಿಯಲಿದ್ದ 1991ರ ಕೊನೆಯಲ್ಲಿ ಸರ್ಕಾರ ಆ 50 ಅನ್ನು 60 ಮಾಡಿತು. ಹಾಗಾಗಿ ಬಂಟ್ವಾಳ ತಾಲ್ಲೂಕಿನ ಪೆರುವಾಯಿಯ ಕಡೆಂಗೋಡ್ಲು ಶಂಕರಭಟ್ಟರ ಕವಿತೆಗಳ ಹಕ್ಕು 2028ರ ಕೊನೆಯವರೆಗೂ ಉಳಿದಿದೆ. ಅವರು ಹೋದದ್ದು 1968ರಲ್ಲಿ. ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ ನೆಲೆಸಿದ್ದ ಕೆ.ಟಿ. ಗಟ್ಟಿಯವರು ಅಗಲಿದ್ದು 2024ರಲ್ಲಿ. ಅವರ ಕಾದಂಬರಿಗಳಿಗೆ 2084 ಕಳೆಯಬೇಕು.

'ಮಕ್ಕಳಿಗಾಗಿ ತಾನೇ, ಯಾರು ಕೇಳುತ್ತಾರೆ?' ಎಂಬ ಧೈರ್ಯ ನಮ್ಮಲ್ಲಿ ಬಹಳ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪಾಠಕ್ಕೆ ವಿನಾಯಿತಿ ಕೊಟ್ಟಿದೆ, ನಿಜ. ಬೋಧನೆಯ ಭಾಗವಾಗಿ ಜೆರಾಕ್ಸ್ ಹಂಚುವುದನ್ನು ದೆಹಲಿ ಹೈಕೋರ್ಟ್ 2016ರಲ್ಲಿ ಉದಾರವಾಗಿಯೇ ಕಂಡಿತು. ಆದರೆ ಪುಸ್ತಕ ಅಚ್ಚು ಹಾಕುವವರಿಗೆ ಕಟ್ಟು ಬಿಗಿ. ಸಂಕಲನದ ಹೆಚ್ಚಿನ ಪಾಲು ಹಕ್ಕು ಮುಗಿದ ಬರಹವೇ ಆಗಿರಬೇಕು, ಬೋಧನೆಗೆಂದು ಶೀರ್ಷಿಕೆಯಲ್ಲೇ ಹೇಳಿರಬೇಕು. ಹಕ್ಕು ಇರುವ ಕೃತಿಯಿಂದ ತೆಗೆಯುವುದು ಚಿಕ್ಕ ಭಾಗವಾಗಿರಬೇಕು. ಒಬ್ಬ ಲೇಖಕನಿಂದ ಒಬ್ಬ ಪ್ರಕಾಶಕ ಐದು ವರ್ಷದಲ್ಲಿ ಎರಡಕ್ಕಿಂತ ಹೆಚ್ಚು ಭಾಗ ತೆಗೆಯುವಂತಿಲ್ಲ. ಬೋಧನೆಗೆಂದೇ ಪ್ರಕಟವಾದ ಇನ್ನೊಬ್ಬರ ಪುಸ್ತಕದಿಂದ ಎತ್ತಿಕೊಳ್ಳಲು ಈ ವಿನಾಯಿತಿ ಇಲ್ಲವೇ ಇಲ್ಲ. ಗೈಡು ಬರೆಯುವವರು ಇದನ್ನು ಎರಡು ಸಲ ಓದಲಿ.

ಮೂಡುಬಿದಿರೆಯ ರತ್ನಾಕರವರ್ಣಿಯ 'ಭರತೇಶ ವೈಭವ' 16ನೇ ಶತಮಾನದ್ದು, ಮೂಲಕ್ಕೆ ಹಕ್ಕಿನ ಮಾತಿಲ್ಲ. ಇತ್ತೀಚಿನ ವಿದ್ವಾಂಸರು ಬರೆದ ಗದ್ಯಾನುವಾದ, ಟಿಪ್ಪಣಿಗಳು ಮಾತ್ರ ಅವರವರದೇ. ಪದ್ಯವನ್ನು ಧಾರಾಳವಾಗಿ ತೆಗೆದುಕೊಳ್ಳಿ, ಅರ್ಥವನ್ನು ನೀವೇ ಬರೆಯಿರಿ.

ಹಕ್ಕು ಅಚ್ಚಿನ ಬರಹಕ್ಕಷ್ಟೇ ಅಲ್ಲ, ರಂಗದ ಆಟಕ್ಕೂ ಇದೆ. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯ ಹಕ್ಕಿನ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2009ರ ತೀರ್ಪು ಉಯಿಲಿನಿಂದ ಹಕ್ಕು ಪಡೆದವರ ತಡೆಯಾಜ್ಞೆಯನ್ನು ಉಳಿಸಿತು. ಶಿಕ್ಷಣ ಸಂಸ್ಥೆ 52ನೇ ಸೆಕ್ಷನ್ನಿನ ಮಿತಿಯೊಳಗೆ ಬ್ಯಾಲೆ ಆಡಿದರೆ ಮಾತ್ರ ಆ ತಡೆಯಾಜ್ಞೆ ಅಡ್ಡಿಯಲ್ಲ ಎಂದಿತು.

ನನ್ನನ್ನು ಹೆಚ್ಚು ನೋಯಿಸುವುದು ಕವಿಯ ಹೆಸರೇ ಇಲ್ಲದೆ, ನಡುವಿನ ಚರಣ ಕತ್ತರಿಸಿ ಅಚ್ಚಾಗುವ ಪದ್ಯ. ಹಕ್ಕು ಮುಗಿದಿದ್ದರೂ ಹೆಸರು ಹಾಕಿ. ಮುಗಿದಿಲ್ಲವಾದರೆ ಲೇಖಕರ ಮನೆಯವರಿಗೋ ಪ್ರಕಾಶಕರಿಗೋ ಒಂದು ಪತ್ರ ಬರೆದು, ಲಿಖಿತ ಒಪ್ಪಿಗೆ ಕೈಗೆ ಬಂದ ಮೇಲೆಯೇ ಪುಸ್ತಕವನ್ನು ಪ್ರೆಸ್ಸಿಗೆ ಕೊಡಿ.